ಹೊಸ ವರ್ಷನ್ ಹಾಕಿದ್ದಕ್ಕೆ ಹಳೆಯದನ್ನು ಕಿತ್ತುಕೊಳ್ಳಬೇಡಿ

ವಿಷಯ: ಅಪ್‌ಗ್ರೇಡ್ ಆದ ಮೇಲೆ ಹಳೇ ವರ್ಷನ್ ತೆರೆಯುತ್ತಿಲ್ಲ, ಹಳೇ ಪ್ರಾಜೆಕ್ಟ್‌ಗಳು ಮೊದಲಿನಂತೆ ಕೇಳಿಸುತ್ತಿಲ್ಲ

ಗ್ರಾಹಕ ಸೇವಾ ವಿಭಾಗದವರಿಗೆ ನಮಸ್ಕಾರ,

ನಾನು ಶಿವಮೊಗ್ಗದಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತೇನೆ. ಭಾವಗೀತೆ, ವಚನ, ದೇವರನಾಮ, ಶಾಲೆಗಳ ವಾರ್ಷಿಕೋತ್ಸವದ ಹಾಡು, ಇದೇ ನನ್ನ ಕೆಲಸ. 2013ರಿಂದ ಹಾಡು ರೆಕಾರ್ಡ್, ಮಿಕ್ಸ್ ಮಾಡುವ ನಿಮ್ಮ ಸಾಫ್ಟ್‌ವೇರನ್ನೇ ಬಳಸುತ್ತಿದ್ದೇನೆ, ಪ್ರತಿ ಸಲವೂ ದುಡ್ಡು ಕೊಟ್ಟೇ ತೆಗೆದುಕೊಂಡಿದ್ದೇನೆ. ಹೋದ ತಿಂಗಳು ಅಪ್‌ಗ್ರೇಡ್‌ಗೆ 12,000 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 14,160 ರೂಪಾಯಿ ಕಟ್ಟಿದೆ. ಕಟ್ಟುವ ಮೊದಲು ನಿಮ್ಮ ಪುಟವನ್ನು ಎರಡು ಸಲ ಓದಿದ್ದೆ. ಹಳೆಯದು, ಹೊಸದು ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಒಟ್ಟಿಗೆ ಇಟ್ಟುಕೊಳ್ಳಬಹುದು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಒಂದು ಸಾಲನ್ನು ನಂಬಿಯೇ ನಾನು ದುಡ್ಡು ಕಟ್ಟಿದ್ದು.

ಈಗ ಹಳೆಯದನ್ನು ತೆರೆದರೆ, ಈ ಲೈಸೆನ್ಸ್ ಹೊಸ ವರ್ಷನ್‌ಗೆ ವರ್ಗಾವಣೆ ಆಗಿದೆ ಎಂದು ಹೇಳಿ ತಾನೇ ಮುಚ್ಚಿಕೊಳ್ಳುತ್ತದೆ.

ನನಗೆ ಹಳೆಯದು ಯಾಕೆ ಬೇಕು ಅಂತ ಹೇಳುತ್ತೇನೆ. ನಮ್ಮೂರಿನ ಒಬ್ಬ ಸಂಗೀತ ಟೀಚರ್ 2016ರಲ್ಲಿ ನನ್ನ ಹತ್ತಿರ ಹನ್ನೆರಡು ಹಾಡು ರೆಕಾರ್ಡ್ ಮಾಡಿಸಿದ್ದರು. ಈಗ ಅವರಿಗೆ 71 ವರ್ಷ. ಮಕ್ಕಳಿಗೆ ಅಭ್ಯಾಸ ಮಾಡಿಸಲು ಅದೇ ಹಾಡುಗಳ ಕರೋಕೆ ಟ್ರ್ಯಾಕ್ ಬೇಕು ಎಂದರು. ತಂಬೂರಿ, ತಬಲಾ, ಕೊಳಲು, ಹಾರ್ಮೋನಿಯಂ ಎಲ್ಲ ಮೊದಲಿನ ಹಾಗೇ ಇರಬೇಕು, ಅವರ ದನಿ ಮಾತ್ರ ಇರಬಾರದು. ಇನ್ನು ಎರಡು ಹಾಡಿನಲ್ಲಿ ಒಂದೊಂದು ಸಾಲು ಬದಲಾಯಿಸಬೇಕು, ಆಗ ಹಾಡಿಟ್ಟಿದ್ದ ಬೇರೆ ಟೇಕ್ ಅನ್ನು ಅಲ್ಲಿ ಕೂರಿಸಬೇಕು. ಎಲ್ಲ ಸರಿ ಇದ್ದಿದ್ದರೆ ಎರಡು ದಿನದ ಕೆಲಸ.

ನಿಮ್ಮ ಮೊದಲ ಉತ್ತರದಲ್ಲಿ, ಆಗಲೇ ವೇವ್ ಫೈಲ್ (ಸದ್ದು ಮಾತ್ರ ಇರುವ ಫೈಲ್) ಮಾಡಿ ಇಟ್ಟುಕೊಳ್ಳಬೇಕಿತ್ತು ಎಂದು ಬರೆದಿದ್ದೀರಿ. ವೇವ್ ಫೈಲ್ ನನ್ನ ಹತ್ತಿರ ಇದೆ. ಹಾಡಿದ್ದು, ನುಡಿಸಿದ್ದು ಒಂದೂ ಕಳೆದುಹೋಗಿಲ್ಲ. ಆದರೆ ಹಾಡು ಅಂದರೆ ಅಷ್ಟೇ ಅಲ್ಲ ಅಲ್ವಾ? ಒಂದು ಹಾಡಿಗೆ ಹದಿನಾಲ್ಕು ಟೇಕ್ ಇವೆ. ಪಲ್ಲವಿ ಮೂರನೆಯದರಿಂದ, ಎರಡನೇ ಚರಣದ ಕೊನೆಯ ಸಾಲು ಒಂಬತ್ತನೆಯದರಿಂದ, ನಡುವಿನ ಒಂದು ಆಲಾಪ ಮೊದಲನೆಯದರಿಂದ, ಹೀಗೆ ಟೀಚರೂ ನಾನೂ ಮೂರು ರಾತ್ರಿ ಕೂತು, ಸಾಲು ಸಾಲು ಕೇಳಿ ಆರಿಸಿದ್ದು. ಕ್ಲಿಕ್ (ತಾಳ ತೋರಿಸುವ ಟಕ್ ಟಕ್ ಸದ್ದು) ಹಾಕದೆ ಹಾಡಿದ್ದರಿಂದ ತಬಲಾದ ನಡೆ ಹಿಡಿದು ಟೆಂಪೋವನ್ನು ತಾಳದ ಒಂದು ಸುತ್ತಿಗೊಂದರಂತೆ ಕೈಯಲ್ಲೇ ಗುರುತು ಮಾಡಿದ್ದೆ. ಎಲ್ಲಿ ಕೊಳಲು ಸ್ವಲ್ಪ ಹಿಂದೆ ಸರಿಯಬೇಕು, ಎಲ್ಲಿ ರಿವರ್ಬ್ (ದನಿಗೆ ಸೇರಿಸುವ ಪ್ರತಿಧ್ವನಿ) ಜಾಸ್ತಿ ಆಗಬೇಕು ಅನ್ನುವುದೆಲ್ಲ ಪ್ರಾಜೆಕ್ಟ್ ಫೈಲಿನ ಒಳಗಿದೆ. ತಂಬೂರಿಯಂತೂ ರೆಕಾರ್ಡ್ ಮಾಡಿದ್ದೇ ಅಲ್ಲ, ಮೊದಲೇ ರೆಕಾರ್ಡ್ ಆದ ಸ್ವರಗಳನ್ನು ನುಡಿಸುವ ನಿಮ್ಮ ಸ್ಯಾಂಪ್ಲರಿನಲ್ಲಿ ನುಡಿಸಿದ್ದು. ಆ ಫೈಲನ್ನು ಸರಿಯಾಗಿ ತೆರೆಯುವ ಸಾಫ್ಟ್‌ವೇರ್ ಇಲ್ಲದಿದ್ದರೆ ಆ ಮೂರು ರಾತ್ರಿಯ ಕೆಲಸ ಇದ್ದೂ ಇಲ್ಲದ ಹಾಗೆ.

ಅದನ್ನು ಹೊಸ ವರ್ಷನ್‌ನಲ್ಲೂ ತೆರೆದು ನೋಡಿದೆ, ತೆರೆಯಿತು. ಟೀಚರ್ ಹೆಡ್‌ಫೋನ್ ಹಾಕಿಕೊಂಡು ಹತ್ತು ಸೆಕೆಂಡ್ ಕೇಳಿದ್ದೇ, "ಇದು ನಮ್ಮ ತಂಬೂರಿ ಅಲ್ಲಪ್ಪ" ಎಂದರು. ಶ್ರುತಿ ಅದೇ ಇತ್ತು, ಝೇಂಕಾರ ಬೇರೆ ಆಗಿತ್ತು. ಅವರ ಕಿವಿಯನ್ನು ನಾನು ನಂಬುತ್ತೇನೆ. ಆದರೂ ನಿಮಗೆ ತೋರಿಸಲು ಪುರಾವೆ ಬೇಕು ಅಂತ ಒಂದು ಪರೀಕ್ಷೆ ಮಾಡಿದೆ. 2016ರ ಮಿಕ್ಸ್‌ನ ವೇವ್ ಫೈಲ್, ಅದೇ ಪ್ರಾಜೆಕ್ಟಿನಿಂದ ಈಗ ತೆಗೆದ ವೇವ್ ಫೈಲ್, ಎರಡನ್ನೂ ಅಕ್ಕಪಕ್ಕ ಕೂರಿಸಿ ಒಂದರ ಫೇಸ್ ತಿರುಗಿಸಿದೆ, ಅಂದರೆ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿದೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಪೂರ್ತಿ ಅಳಿಸಿ ಮೌನ ಉಳಿಯಬೇಕು. ಹಳೇ ವರ್ಷನ್‌ನಲ್ಲಿ ಇದೇ ಪರೀಕ್ಷೆ ಹಿಂದೆ ಮಾಡಿದ್ದಾಗ ಮೌನವೇ ಉಳಿದಿತ್ತು. ಈ ಸಲ ರಿವರ್ಬ್ ಹಾಕದ ತಬಲಾ ಪೂರ್ತಿ ಅಳಿಸಿಹೋಯಿತು, ಆದರೆ ತಂಬೂರಿಯೂ ದನಿಯ ಹಿಂದಿನ ರಿವರ್ಬೂ ಸ್ಪಷ್ಟವಾಗಿ ಕೇಳುತ್ತಿವೆ. ನಾನು ಹಿಗ್ಗಿಸಿ ಹೊಂದಿಸಿದ್ದ ಕೊಳಲಿನ ಒಂದು ತುಣುಕು ಕೂಡ ಹಾಗೇ ಉಳಿದಿದೆ. ಆ ಎರಡು ಮಿಕ್ಸ್, ಹೀಗೆ ಉಳಿದ ಸದ್ದು, ಮೂರು ಫೈಲ್‌ಗಳನ್ನೂ ಇದರ ಜೊತೆ ಕಳಿಸಿದ್ದೇನೆ, ದಯವಿಟ್ಟು ಯಾರಾದರೂ ಕೇಳಿ.

ಯಾಕೆ ಹೀಗಾಯಿತು ಅಂತ ನಾನೇ ಹುಡುಕಿದೆ. ವಿಂಡೋಸ್‌ನಲ್ಲಿ ವಿಎಸ್‌ಟಿ3 ಪ್ಲಗಿನ್‌ಗಳಿಗೆ (ಮುಖ್ಯ ಸಾಫ್ಟ್‌ವೇರಿನ ಒಳಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳಿಗೆ) ಗೊತ್ತುಮಾಡಿದ ಒಂದು ಫೋಲ್ಡರ್ ಇದೆ, ಕಾಮನ್ ಫೈಲ್ಸ್ ಒಳಗೆ. ನಿಮ್ಮ ರಿವರ್ಬ್ ಮತ್ತು ಸ್ಯಾಂಪ್ಲರ್ ಅಲ್ಲೇ ಕೂತಿದ್ದವು. ಹೊಸ ಇನ್‌ಸ್ಟಾಲರ್ ನನ್ನನ್ನು ಒಂದು ಮಾತೂ ಕೇಳದೆ ಅದೇ ಹೆಸರಿನ, ಅದೇ ಗುರುತಿನ ಸಂಖ್ಯೆಯ ಹೊಸ ಫೈಲ್‌ಗಳನ್ನು ಅವುಗಳ ಮೇಲೆ ಬರೆದುಬಿಟ್ಟಿದೆ. ಅಂದರೆ ನಾಳೆ ನೀವು ಲೈಸೆನ್ಸ್ ಸರಿ ಮಾಡಿಕೊಟ್ಟರೂ ಹಳೇ ವರ್ಷನ್ ತೆರೆದಾಗ ಅದಕ್ಕೆ ಸಿಗುವುದು ಹೊಸ ರಿವರ್ಬೇ. ಪ್ರೋಗ್ರಾಂಗೆ ಎರಡು ಬೇರೆ ಫೋಲ್ಡರ್ ಕೊಟ್ಟು, ಪ್ಲಗಿನ್‌ಗಳನ್ನು ಒಂದೇ ಕಡೆ ಇಟ್ಟರೆ ಅದು ಎರಡು ವರ್ಷನ್ ಒಟ್ಟಿಗೆ ಇಟ್ಟ ಹಾಗೆ ಆಗುವುದಿಲ್ಲ.

ಇದು ಆಗದ ಕೆಲಸವೇನೂ ಅಲ್ಲ. ಫ್ಯಾಬ್‌ಫಿಲ್ಟರ್ ಕಂಪನಿಯವರ ಪ್ರೊ-ಕ್ಯೂ 3 ಪ್ಲಗಿನ್ ಹಾಕಿದರೆ ಪ್ರೊ-ಕ್ಯೂ 2 ಇದ್ದ ಹಾಗೇ ಇರುತ್ತದೆ, ಹಳೇ ಪ್ರಾಜೆಕ್ಟ್ ಹಳೆಯದನ್ನೇ ತೆರೆಯುತ್ತದೆ. ಏಬಲ್‌ಟನ್ ಲೈವ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನ 11, 12 ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ರೀಪರ್ ಎಂಬ ಇನ್ನೊಂದನ್ನು ಪೋರ್ಟಬಲ್ ಆಗಿ ಒಂದು ಫೋಲ್ಡರಿಗೆ ಹಾಕಿ, ಸೆಟ್ಟಿಂಗ್ ಸಮೇತ ಬೇರೆಯಾಗಿ ನಡೆಸಬಹುದು. ಬೇರೆಯವರು ವರ್ಷಗಳಿಂದ ಮಾಡುತ್ತಿರುವುದನ್ನೇ ನಾನು ನಿಮ್ಮನ್ನು ಕೇಳುತ್ತಿದ್ದೇನೆ.

ಇನ್ನೊಂದು ವಿಷಯ, ಇದರಿಂದ ನನಗೆ ನಿಜವಾಗಿ ನಷ್ಟ ಆಗಿದೆ. ಇನ್‌ಸ್ಟಾಲ್ ಆದ ದಿನದಿಂದ ಪ್ರಾಜೆಕ್ಟ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೊಸ ವರ್ಷನ್ನೇ ತೆರೆಯುತ್ತದೆ. ಐದು ನಿಮಿಷಕ್ಕೊಮ್ಮೆ ಸೇವ್ ಒತ್ತುವುದು ಈ ಕೆಲಸದಲ್ಲಿರುವ ಎಲ್ಲರ ಅಭ್ಯಾಸ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿರುವುದಿಲ್ಲ. ನಾನೂ ಒತ್ತಿದೆ. ಒಂದು ಎಚ್ಚರಿಕೆಯೂ ಇಲ್ಲದೆ ಮೂರು ಹಾಡಿನ ಫೈಲ್‌ಗಳು ಹೊಸ ರೂಪಕ್ಕೆ ಬದಲಾದವು, ಅವನ್ನು ಹಳೇ ವರ್ಷನ್ ಇನ್ನು ಓದುವುದಿಲ್ಲ. ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಬ್ಯಾಕಪ್ ಇತ್ತು, ಆದರೆ ಈ ವರ್ಷ ಆ ಮೂರು ಹಾಡುಗಳ ಮೇಲೆ ಮಾಡಿದ ಕೆಲಸ ಅದರಲ್ಲಿಲ್ಲ. "ಇದು ಹಳೇ ವರ್ಷನ್‌ನ ಫೈಲ್, ಬೇರೆ ಹೆಸರಿನಲ್ಲಿ ಉಳಿಸಲೇ?" ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ನಿಮಗೆ ಇದುವರೆಗೆ ನಾಲ್ಕು ಮೇಲ್ ಕಳಿಸಿದ್ದೇನೆ, ಎರಡು ಉತ್ತರ ಬಂದಿವೆ. ಎರಡನೆಯದು ಮೊದಲನೆಯದರ ನಕಲು, ಕೊನೆಯಲ್ಲಿ ಹೊಸ ವರ್ಷನ್‌ಗೆ ಪೂರ್ತಿ ಬದಲಾಗಿ ಎಂಬ ಸಲಹೆ. ಹೊಸದರ ಬಗ್ಗೆ ನನಗೆ ಬೇಸರ ಇಲ್ಲ. ಈಗ ಶುರುವಾಗುವ ಹಾಡುಗಳನ್ನು ಅದರಲ್ಲೇ ಮಾಡುತ್ತೇನೆ, ಅದರ ಎಡಿಟಿಂಗ್ ನಿಜವಾಗಿಯೂ ಚೆನ್ನಾಗಿದೆ. ಆದರೆ ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಹನ್ನೆರಡು ವರ್ಷದ ಕೆಲಸ ಇದೆ, ಅದು ನನ್ನೊಬ್ಬನದಲ್ಲ, ಹಾಡಿದವರದು, ನುಡಿಸಿದವರದು. ಯಾರಾದರೂ ಬಂದು ನಮ್ಮ ಹಾಡು ತೆಗೆಯಿರಿ ಎಂದರೆ, ಅವರು ಅವತ್ತು ಕೇಳಿ ಒಪ್ಪಿದ ಹಾಡನ್ನೇ ನಾನು ತೆಗೆದುಕೊಡಬೇಕು.

ಹಾಗಾಗಿ ಮೊದಲು ನನ್ನ ಹಳೇ ಲೈಸೆನ್ಸ್ ಮತ್ತೆ ಚಾಲೂ ಮಾಡಿ. ಅದರ ಜೊತೆ ಹಳೇ ರಿವರ್ಬ್, ಸ್ಯಾಂಪ್ಲರ್ ಮತ್ತು ತಂಬೂರಿಯ ಲೈಬ್ರರಿ ಇರುವ ಇನ್‌ಸ್ಟಾಲರ್ ಕಳಿಸಿ, ಅವು ಹೊಸದನ್ನು ಮುಟ್ಟದೆ ಬೇರೆ ಹೆಸರಿನಲ್ಲಿ ಕೂರುವ ಹಾಗೆ ಮಾಡಿ. ಸೇವ್ ಮಾಡುವಾಗ ಎಚ್ಚರಿಕೆ ಕೊಡುವ ಬದಲಾವಣೆ ಮುಂದಿನ ಅಪ್‌ಡೇಟ್‌ನಲ್ಲಿ ಬಂದರೂ ಆದೀತು, ಆದರೆ ಬರಲೇಬೇಕು, ನನ್ನ ಹಾಗೆ ಎಷ್ಟು ಜನ ಸುಮ್ನೆ ಫೈಲ್ ಕಳೆದುಕೊಳ್ಳಬೇಕು? ಇದು ಯಾವುದೂ ಆಗುವುದಿಲ್ಲ ಎಂದಾದರೆ 14,160 ರೂಪಾಯಿ ವಾಪಸ್ ಕೊಟ್ಟು, ನನ್ನನ್ನು ಅಪ್‌ಗ್ರೇಡ್‌ಗೆ ಮೊದಲಿನ ಸ್ಥಿತಿಗೆ ತನ್ನಿ.

ಟೀಚರ್‌ಗೆ ಈ ತಿಂಗಳ ಕೊನೆಗೆ ಟ್ರ್ಯಾಕ್ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಹತ್ತು ದಿನ ಕಾಯುತ್ತೇನೆ. ಅಷ್ಟರಲ್ಲಿ ನೇರ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಆಗ ಎರಡೂ ಒಟ್ಟಿಗೆ ಇರುತ್ತವೆ ಎಂದು ಬರೆದಿದ್ದ ನಿಮ್ಮ ಪುಟದ ಸ್ಕ್ರೀನ್‌ಶಾಟ್ ಅನ್ನೂ ಕೊಡುತ್ತೇನೆ. ಬಿಲ್, ಆರ್ಡರ್ ಸಂಖ್ಯೆ, ನಮ್ಮ ಮೇಲ್‌ಗಳ ಪ್ರತಿ ಇದರೊಂದಿಗೆ ಇವೆ. ಫೋನ್ ಮಾಡುವುದಾದರೆ ಬೆಳಿಗ್ಗೆ ಹನ್ನೊಂದರ ಒಳಗೆ ಮಾಡಿ, ಆಮೇಲೆ ರೆಕಾರ್ಡಿಂಗ್ ಇರುತ್ತದೆ.

ಇಂತಿ,
ನಿಮ್ಮ ಹಳೇ ಗ್ರಾಹಕ
ಶಿವಮೊಗ್ಗ