ಹೆಜ್ಜಾರ್ಲೆ ಬರದೇ ಹೋದರೆ ಅಂತ ಕೇಳಿದ್ದೀಯ

ಕೊಕ್ಕರೆ ಬೆಳ್ಳೂರು

ಪುಟ್ಟಿ,

ಮನೆ ವಿಷಯ, ನಿನ್ನ ಓದು ಎಲ್ಲ ಫೋನಿನಲ್ಲೇ ಆಗಿದೆ, ಅದನ್ನು ಬಿಡು. ಕಾಗದದ ಕೊನೆಗೆ ಬರೆದಿದ್ದೀಯಲ್ಲ, "ಒಂದು ವರ್ಷ ಹೆಜ್ಜಾರ್ಲೆ ಬರೋದೇ ನಿಂತುಹೋದರೆ ನಾವು ಮಾಡಿದ್ದೆಲ್ಲ ಯಾಕೆ ದೊಡ್ಡಪ್ಪ?" ಅಂತ, ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಹೆಜ್ಜಾರ್ಲೆ, ಅಂದರೆ ನಮ್ಮೂರ ಮರಗಳಲ್ಲಿ ಗೂಡು ಕಟ್ಟೋ ಪೆಲಿಕನ್ ಹಕ್ಕಿಗಳು, ಬಂದೇ ಬರ್ತಾವೆ ಅಂತ ಹೇಗೆ ಹೇಳಲಿ? ತೈಲೂರು ಕೆರೆ ಒಣಗಿದರೆ ಮೀನೆಲ್ಲಿ? 2018ರ ಶುರುವಿನಲ್ಲಿ ಹೊಟ್ಟೆಹುಳದ ಕಾಟಕ್ಕೆ ಒಂದರ ಹಿಂದೆ ಒಂದು ಸತ್ತು ಬಿದ್ದವು. ಆಗಲೂ ಊರಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು. ಪ್ಲೇಗಿನ ಕತೆ ನಿನಗೆ ಗೊತ್ತೇ ಇದೆ. ಪ್ಲೇಗಿಗೆ ಹೆದರಿ ಜನ ಶಿಂಷಾ ಹೊಳೆಯ ದಡ ಬಿಟ್ಟು ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೆಮ್ಮೆಯಿಂದ ಹೇಳೋರು. ನನಗೆ ಅದೇ ಕತೆಯಲ್ಲಿ ಹೆದರಿಕೆ. ಆ ಜಾಗ ಬಿಟ್ಟು ಬಂದವು ಇದನ್ನೂ ಬಿಡಬಹುದು, ಅಲ್ವಾ?

ನಾನು ಹುಡುಗನಾಗಿದ್ದಾಗ ನಮ್ಮ ಹಿತ್ತಲ ಹುಣಸೆಮರವನ್ನು ಅಕ್ಕನ ಮದುವೆ ಖರ್ಚಿಗೆ ಮಾರಿದರು. ಅಪ್ಪನನ್ನು ದೂರಲಾರೆ. ಗೂಡು ಕಟ್ಟಿದ ಮರದಲ್ಲಿ ಹಣ್ಣು ಕೈಗೆ ಹತ್ತೋದಿಲ್ಲ, ಹಿಕ್ಕೆ ಬಿದ್ದು ಹಾಳು. ಆಗಿನ್ನೂ ಅರಣ್ಯ ಇಲಾಖೆಯ ಪರಿಹಾರ ಅನ್ನೋದೂ ಇರಲಿಲ್ಲ. ಮುಂದಿನ ಸಲ ಒಂದು ಹೆಜ್ಜಾರ್ಲೆ ಕಡ್ಡಿ ಕಚ್ಚಿಕೊಂಡು ಬಂದು, ಮರ ಇದ್ದ ಜಾಗದ ಮೇಲೆ ಸುತ್ತು ಹಾಕ್ತಾನೇ ಇತ್ತು. ಬಾಣಂತನಕ್ಕೆ ಬಂದ ಮಗಳಿಗೆ ಮನೆಯಲ್ಲಿ ಜಾಗ ಇಲ್ಲ ಅಂದ ಹಾಗಾಯಿತು ಅಂತ ಅವ್ವ ಅತ್ತಳು. ಅಷ್ಟು ವರ್ಷವಾದರೂ ನನಗದು ಮರೆತಿಲ್ಲ.

1976ರಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಬಂದು ನೋಡಿದ ಮೇಲೆ ಹೊರಗಿನವರಿಗೆ ನಮ್ಮೂರು ಗೊತ್ತಾಯಿತು. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ತೊಂಬತ್ತರ ದಶಕದ ಕೆಲಸ. ಮೈಸೂರಿನ ನಿಸರ್ಗಪ್ರಿಯರ ಸಂಘ ಅಮೆಚೂರ್ ನ್ಯಾಚುರಲಿಸ್ಟ್ಸ್‌ನವರು ನಮ್ಮ ಹುಡುಗರನ್ನು ಕೂಡಿಸಿಕೊಂಡರು, ಹೆಜ್ಜಾರ್ಲೆ ಬಳಗ ಆಯಿತು. ಗೂಡಿನಿಂದ ಬಿದ್ದ ಮರಿ ಅಲ್ಲಿವರೆಗೆ ನಾಯಿ ಪಾಲು. ಈ ಹುಡುಗರು ಅದನ್ನು ಎತ್ತಿ ತಂದು ಬೇಲಿಯೊಳಗೆ ಬಿಡೋರು. ಬಿಳಿ ತುಪ್ಪಳದ ಮರಿ, ನೆಟ್ಟಗೆ ನಿಲ್ಲೋಕೂ ಆಗದು, ಮೀನಿನ ಬಕೆಟ್ ಕಂಡರೆ ಮಾತ್ರ ಕೊಕ್ಕು ಅಗಲಿಸಿಕೊಂಡು ತೆವಳಿ ಬರೋದು. ರೆಕ್ಕೆ ಬಲಿತ ಮೇಲೆ ಹಾರಿಹೋಗೋದು. ವಾಪಸ್ ಬರುತ್ತಾ ಅಂತ ಆ ಹುಡುಗರು ಯಾವತ್ತೂ ಕೇಳಲಿಲ್ಲ. ನಿನ್ನ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದದ್ದು ಅವರೇ.

2007ರಲ್ಲಿ ನಮ್ಮೂರು ಸಮುದಾಯ ಮೀಸಲು, ಅಂದರೆ ಊರವರೂ ಸೇರಿ ಕಾಪಾಡೋ ಹಕ್ಕಿಗಳ ತಾಣ ಅಂತ ಆಯಿತು, ಬೋರ್ಡು ಬಂತು. ಮರಗಳು ಮಾತ್ರ ಇವತ್ತಿಗೂ ಜನರ ಹಿತ್ತಲಲ್ಲೇ ಇವೆ. ಅದಕ್ಕೇ ಹೇಳೋದು, ಸಸಿ ನೆಡೋಣ ಅಂತ. ಹುಣಸೆ ನಿಧಾನ, ನಾನು ನೋಡೋದಿಲ್ಲ. ಆಲ, ಬಸರಿಯೂ ಆಗುತ್ತೆ. ಓದುವ ಹುಡುಗಿಗೆ ಇದೆಲ್ಲ ಹೇಳಬಾರದು ಅನ್ನಿಸುತ್ತೆ, ಆದರೂ ಹೇಳ್ತಿದ್ದೀನಿ. ಆಮೇಲೆ, ಮೊಟ್ಟೆ ಮೇಲೆ ಕೂತಿರೋ ಹೊತ್ತಲ್ಲಿ ಗೆಳತಿಯರನ್ನು ಗುಂಪು ಕಟ್ಟಿಕೊಂಡು ಮರದ ಬುಡಕ್ಕೆ ಬರಬೇಡ, ದೂರದಿಂದ ತೋರಿಸು. ಬೇಜಾರಾಗಬೇಡ.

ಬರದೇ ಹೋಗಬಹುದು ಪುಟ್ಟಿ. ಬಂದ ವರ್ಷ ಕೂರೋಕೆ ಕೊಂಬೆ ಇಲ್ಲದಿದ್ದರೆ ಮಾತ್ರ ನನ್ನಿಂದ ತಡೆಯೋಕಾಗಲ್ಲ. ಅವ್ವನ ಮರ ಇದ್ದ ಕಡೆ ಎರಡು ಗುಂಡಿ ತೆಗೆಸ್ತೀನಿ. ಮಳೆ ಹಿಡಿದ ಮೇಲೆ ಒಂದು ಭಾನುವಾರ ಬಾ. ನನಗೆ ಬಗ್ಗೋಕೆ ಆಗಲ್ಲ, ಮಣ್ಣು ನೀನೇ ಮುಚ್ಚಬೇಕು.

ನಿನ್ನ
ದೊಡ್ಡಪ್ಪ