ಟಾರ್ಚ್ ಕೈಯಲ್ಲೇ ಇರುವ ಡೂಮ್ 3 ಕೊಡಿ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: 2004ರ ಡೂಮ್ 3 ಎಂದು ತೋರಿಸಿ 2012ರ ಆವೃತ್ತಿ ಕೊಟ್ಟಿರುವ ಬಗ್ಗೆ ದೂರು

ಮಾನ್ಯರೇ,

ಹೋದ ಶನಿವಾರ ನಿಮ್ಮ ಆನ್‌ಲೈನ್ ಅಂಗಡಿಯಲ್ಲಿ ಡೂಮ್ 3 ಗೇಮ್ ಕೊಂಡೆ. ನಿಮ್ಮ ಪುಟದಲ್ಲಿ ಇಸವಿ 2004 ಎಂದೇ ಇತ್ತು. ಚಿತ್ರಗಳೂ ಹಳೆಯ ಗೇಮಿನವೇ. ಬಂದದ್ದು ಮಾತ್ರ 2012ರ ಬಿಎಫ್‌ಜಿ ಎಡಿಷನ್, ಅಂದರೆ ಅದೇ ಗೇಮನ್ನು ಬದಲಾಯಿಸಿ ಮತ್ತೆ ಹೊರತಂದ ಆವೃತ್ತಿ. ಕೇಳಿದ್ದಕ್ಕೆ, ಎರಡೂ ಒಂದೇ, ಇದು ಇನ್ನೂ ಚೆನ್ನಾಗಿದೆ ಎಂದು ನಿಮ್ಮವರು ಉತ್ತರ ಕಳಿಸಿದರು. ಎರಡು ಗಂಟೆಗಿಂತ ಜಾಸ್ತಿ ಆಡಿದ್ದೀರಿ, ಹಾಗಾಗಿ ಹಣ ವಾಪಸ್ ಇಲ್ಲ ಎಂದೂ ಬರೆದರು.

ಎರಡೂ ಒಂದೇ ಅಲ್ಲ. ಅದನ್ನು ಬಿಡಿಸಿ ಹೇಳಲಿಕ್ಕೇ ಈ ಪತ್ರ.

ನಾನು ಈ ಗೇಮ್ ಮೊದಲು ಆಡಿದ್ದು 2005ರಲ್ಲಿ, ಶಿವಮೊಗ್ಗದ ಒಂದು ಸೈಬರ್ ಸೆಂಟರಿನಲ್ಲಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದದ್ದು ಅಲ್ಲಿ ಒಂದೇ ಕಂಪ್ಯೂಟರಿಗೆ. ಅದು ಖಾಲಿಯಾಗುವವರೆಗೆ ಕಾಯುತ್ತಿದ್ದೆ. ಕತೆ ನಡೆಯುವುದು 2145ರಲ್ಲಿ, ಮಂಗಳ ಗ್ರಹದ ಒಂದು ಸಂಶೋಧನಾ ಕೇಂದ್ರದಲ್ಲಿ. ನೀವು ಹೊಸದಾಗಿ ಬಂದ ಸೈನಿಕ. ಕಾಣೆಯಾದ ವಿಜ್ಞಾನಿಯನ್ನು ಹುಡುಕಿಕೊಂಡು ಹೋಗುತ್ತೀರಿ, ಅಷ್ಟರಲ್ಲಿ ನರಕದ ಬಾಗಿಲೇ ತೆರೆದುಕೊಳ್ಳುತ್ತದೆ. ದೀಪಗಳು ಆರುತ್ತವೆ. ಆಮೇಲೆ ಪೂರ್ತಿ ಕತ್ತಲೆ.

ಆ ಕತ್ತಲೆಯಲ್ಲಿ ನಿಮ್ಮ ಹತ್ತಿರ ಟಾರ್ಚ್ ಇರುತ್ತದೆ, ಬಂದೂಕೂ ಇರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ. ಟಾರ್ಚ್ ಹಿಡಿದರೆ ಎದುರಿಗೆ ಏನಿದೆ ಎಂದು ಕಾಣುತ್ತದೆ, ಹೊಡೆಯಲು ಏನೂ ಇರುವುದಿಲ್ಲ. ಬಂದೂಕು ಹಿಡಿದರೆ ಹೊಡೆಯಬಹುದು, ಎಲ್ಲಿಗೆ ಎಂದು ಕಾಣುವುದಿಲ್ಲ. ಮೂಲೆಯಲ್ಲಿ ಗುರ್ ಅನ್ನುವ ಸದ್ದು ಕೇಳಿದಾಗ ಕೈ ಟಾರ್ಚಿನ ಕಡೆ ಹೋಗಬೇಕೋ ಬಂದೂಕಿನ ಕಡೆಯೋ? ಗೇಮಿನ ಹೆದರಿಕೆ ಇರುವುದೇ ಆ ಅರೆಕ್ಷಣದಲ್ಲಿ.

ಬಿಎಫ್‌ಜಿ ಎಡಿಷನ್‌ನಲ್ಲಿ ಟಾರ್ಚನ್ನು ಸೈನಿಕನ ಕವಚಕ್ಕೇ ಕಟ್ಟಿದ್ದಾರೆ. ಬಂದೂಕು ಕೈಯಲ್ಲಿದ್ದಾಗಲೂ ಬೆಳಕು ಬೀಳುತ್ತದೆ. ಬ್ಯಾಟರಿ ಬೇಗ ಮುಗಿಯುತ್ತದೆ, ಆದರೆ ತಾನಾಗಿಯೇ ತುಂಬಿಕೊಳ್ಳುತ್ತದೆ. ಗುಂಡುಗಳೂ ಮೊದಲಿಗಿಂತ ಧಾರಾಳ.

ಒಂದು ಸನ್ನಿವೇಶ ನೆನಪಿಸುತ್ತೇನೆ. ಪ್ರಯೋಗಾಲಯದಲ್ಲಿ ಬದುಕುಳಿದ ಒಬ್ಬ ವಿಜ್ಞಾನಿ ಲಾಟೀನು ಹಿಡಿದು ನಿಮಗೆ ದಾರಿ ತೋರಿಸುತ್ತಾನೆ. ಬೆಳಕು ಅವನ ಕೈಯಲ್ಲಿ, ಬಂದೂಕು ನಿಮ್ಮ ಕೈಯಲ್ಲಿ. ಅವನು ಉಳಿದರೆ ಮಾತ್ರ ನಿಮಗೆ ಬೆಳಕು. ಅಷ್ಟು ಹೊತ್ತು ಒಂಟಿಯಾಗಿ ನಡೆದವರಿಗೆ ಆ ಪುಟ್ಟ ಲಾಟೀನು ಎಂಥ ಧೈರ್ಯ ಕೊಡುತ್ತಿತ್ತು ಗೊತ್ತಾ? ಎದೆಯ ಮೇಲೆ ಸ್ವಂತ ದೀಪ ಇದ್ದರೆ ಆ ಮನುಷ್ಯ ಯಾಕೆ ಬೇಕು?

ಹಳೆಯ ಗೇಮಿನಲ್ಲಿ ತಪ್ಪೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕವಚವನ್ನೋ ಔಷಧಿಯನ್ನೋ ಎತ್ತಿಕೊಂಡ ಕೂಡಲೇ ಬೆನ್ನ ಹಿಂದಿನ ಗೋಡೆ ಸರಿದು ರಾಕ್ಷಸ ಹೊರಬರುತ್ತದೆ. ಮೊದಲ ಮೂರು ಸಲ ಜೀವ ಹೋದಂತಾಗುತ್ತದೆ. ಹತ್ತನೇ ಸಲ ಎತ್ತಿಕೊಳ್ಳುವ ಮುಂಚೆಯೇ ಹಿಂದೆ ತಿರುಗಿ ನಿಂತಿರುತ್ತೇವೆ. ಶಾಟ್‌ಗನ್ ಸ್ವಲ್ಪ ದೂರಕ್ಕೂ ಕೆಲಸ ಮಾಡುವುದಿಲ್ಲ, ಮುಖಕ್ಕೆ ತಾಗಿಸಿ ಹೊಡೆಯಬೇಕು. ಕಾರಿಡಾರುಗಳು ಒಂದರ ಹಾಗೆ ಇನ್ನೊಂದು. ಟಾರ್ಚಿನ ಬಗ್ಗೆಯೂ ಆಗ ತುಂಬ ಜನ ಗೊಣಗಿದ್ದರು. ಬಂದೂಕಿಗೆ ಟಾರ್ಚ್ ಅಂಟಿಸುವ ‘ಡಕ್ಟ್ ಟೇಪ್’ ಎಂಬ ಮಾಡ್ ಅನ್ನು, ಅಂದರೆ ಗೇಮಿಗೆ ಹೊರಗಿನಿಂದ ಸೇರಿಸುವ ಬದಲಾವಣೆಯನ್ನು, ಆಟಗಾರರೇ ಮಾಡಿಕೊಂಡಿದ್ದರು. ಬೇಕಾದವರು ಹಾಕಿಕೊಳ್ಳುತ್ತಿದ್ದರು, ಬೇಡದವರು ಬಿಡುತ್ತಿದ್ದರು. ಅದು ಸರಿ ಅಲ್ವಾ?

ಸದ್ದು ಮತ್ತು ನೆರಳಿನ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ತೂಗಾಡುವ ಒಂದು ದೀಪದ ಜೊತೆ ಇಡೀ ಕೋಣೆಯ ನೆರಳು ತೂಗುವುದನ್ನು ನಾನು ಮೊದಲು ನೋಡಿದ್ದು ಇದರಲ್ಲೇ. ಸತ್ತವರ ಪಿಡಿಎಗಳಲ್ಲಿ (ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರುಗಳಲ್ಲಿ) ಅವರ ದನಿ, ಅವರ ಮೇಲ್‌ಗಳು ಉಳಿದಿರುತ್ತವೆ. ಬೀರುಗಳ ಕೋಡ್ ಸಿಗಬೇಕಾದರೆ ಅವನ್ನು ಕೇಳಬೇಕು. 0508 ಎಂಬ ನಂಬರ್ ನನಗೆ ಇವತ್ತಿಗೂ ಬಾಯಿಪಾಠ.

ಈಗ ಆ ಎರಡು ಗಂಟೆಯ ವಿಷಯ. ಗೇಮ್ ಕೊಂಡದ್ದು ಅಕ್ಕನ ಮಗನಿಗೆ. ಈ ವರ್ಷ ಡಿಗ್ರಿ ಸೇರಿದ್ದಾನೆ. ಈ ಗೇಮ್ ಬಗ್ಗೆ ಅವನಿಗೆ ಎಷ್ಟು ಸಲ ಹೇಳಿದ್ದೆನೋ. ನಾನು ಕೆಲಸದಲ್ಲಿದ್ದಾಗ ಅವನು ಆಡಲು ಕೂತ. ರಾತ್ರಿ ಬಂದು ಹೇಗಿದೆ ಅಂತ ಕೇಳಿದೆ. “ಮಾಮ, ಚೆನ್ನಾಗಿದೆ. ಆದರೆ ಇದರಲ್ಲಿ ಹೆದರುವಂಥದ್ದು ಏನಿದೆ?” ಎಂದ. ಪರದೆ ನೋಡಿದೆ. ಬಂದೂಕಿನ ಮುಂದೆ ಟಾರ್ಚಿನ ಬೆಳಕು ಇತ್ತು. ನಿಮ್ಮ ಅಂಗಡಿ ಬೇರೆ ಗೇಮ್ ಕೊಟ್ಟಿದೆ ಎಂದು ನನಗೆ ಗೊತ್ತಾದದ್ದೇ ಆಗ. ಅಷ್ಟರಲ್ಲಿ ನಿಮ್ಮ ಗಡಿಯಾರ ಎರಡು ಗಂಟೆ ದಾಟಿತ್ತು.

ಹೊಸ ಆವೃತ್ತಿ ಮಾರಬೇಡಿ ಎಂದು ನಾನು ಕೇಳುತ್ತಿಲ್ಲ. ಅದರ ಜೊತೆ ಹಳೆಯ ಡೂಮ್, ಡೂಮ್ 2 ಕೂಡ ಬರುತ್ತವೆ, ಬೇಕೆನ್ನುವವರು ಇದ್ದಾರೆ. ಆದರೆ ಪುಟದಲ್ಲಿ ಅದರದೇ ಹೆಸರು, ಅದರದೇ ಇಸವಿ, ಅದರದೇ ಚಿತ್ರ ಹಾಕಿ. ಟಾರ್ಚ್ ಬದಲಾಗಿದೆ ಎಂದು ಒಂದು ಸಾಲು ಬರೆಯಿರಿ.

ನನ್ನ ಖಾತೆಗೆ 2004ರ ಮೂಲ ಗೇಮ್ ಸೇರಿಸಿಕೊಡಿ. ಅದು ನಿಮ್ಮಲ್ಲಿ ಇಲ್ಲದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ. ಬಿಲ್ಲಿನ ಪ್ರತಿ, ಆ ದಿನದ ನಿಮ್ಮ ಪುಟದ ಸ್ಕ್ರೀನ್‌ಶಾಟ್ ಮತ್ತು ನಿಮ್ಮವರ ಉತ್ತರ ಈ ಪತ್ರದ ಜೊತೆಗಿವೆ. ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಶಿವಮೊಗ್ಗ