ಕಾಂಟ್ಯಾಕ್ಟ್ ಲೆನ್ಸ್ ಅಭ್ಯಾಸಕ್ಕೆ ಹದಿನೈದು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ಆಟಿಸಂ ಉಳ್ಳವರು ಕನ್ನಡಕದ ಬದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಲು ಬಯಸಿದಾಗ ಮೈಸೂರಿನ ಕಣ್ಣಿನ ಚಿಕಿತ್ಸಾಲಯಗಳೂ ಕನ್ನಡಕದ ಅಂಗಡಿಗಳೂ ಅವರಿಗೆ ಸ್ವಲ್ಪ ಹೆಚ್ಚು ಕಾಲಾವಕಾಶ ಕೊಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಸರಸ್ವತಿಪುರಂ ನಿವಾಸಿ, ವಯಸ್ಸು 31. ಎಂಟನೆಯ ವಯಸ್ಸಿನಿಂದ ಕನ್ನಡಕ ಹಾಕುತ್ತಿದ್ದೇನೆ, ಈಗ ಎರಡೂ ಕಣ್ಣಿನ ನಂಬರ್ ಮೈನಸ್ 6. ನನಗೆ ಆಟಿಸಂ ಇರುವುದು ತಿಳಿದದ್ದು ಐದು ವರ್ಷಗಳ ಹಿಂದೆ.

ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಕನ್ನಡಕ ಮೂಗಿನ ಮೇಲಿರುವುದೇ ಮರೆತುಹೋಗುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಈ 23 ವರ್ಷಗಳಲ್ಲಿ ನನಗೆ ಅದು ಒಂದು ದಿನವೂ ಮರೆತಿಲ್ಲ. ಬೆವರಿಗೆ ಮೂಗಿನ ಮೇಲಿಂದ ಜಾರುವುದು, ಕಿವಿಯ ಹಿಂದೆ ಕಡ್ಡಿ ಒತ್ತುವುದು, ಯಾವ ಕಡೆ ತಿರುಗಿದರೂ ಫ್ರೇಮಿನ ಅಂಚು ನೋಟವನ್ನು ಕತ್ತರಿಸುವುದು, ಇವೆಲ್ಲವೂ ಬೆಳಗಿನಿಂದ ರಾತ್ರಿಯವರೆಗೆ ಒಂದೇ ತೀವ್ರತೆಯಲ್ಲಿ ನನ್ನ ಗಮನವನ್ನು ಎಳೆಯುತ್ತಲೇ ಇರುತ್ತವೆ. ಭಾನುವಾರ ಸಂಜೆ ಅರಮನೆಯ ದೀಪಗಳು ಹೊತ್ತಿಕೊಂಡರೆ ದಪ್ಪ ಗಾಜಿನ ಅಂಚಿನಲ್ಲಿ ಒಂದೊಂದು ದೀಪವೂ ಎರಡಾಗಿ ಕಾಣುವುದರಿಂದ, ನಾನು ಬಹಳ ವರ್ಷ ಆ ಹೊತ್ತಿನಲ್ಲಿ ಅತ್ತ ಹೋಗುವುದನ್ನೇ ಬಿಟ್ಟಿದ್ದೆ. ಲೆನ್ಸ್ ನನಗೆ ಅಂದಚೆಂದದ ವಿಷಯವಾಗಿರಲಿಲ್ಲ.

ಮೊದಲ ಪ್ರಯತ್ನ ನಗರದ ಒಂದು ಕನ್ನಡಕದ ಅಂಗಡಿಯಲ್ಲಿ ನಡೆಯಿತು. ತಲೆಯ ಮೇಲೆ ಟ್ಯೂಬ್‌ಲೈಟ್, ಪಕ್ಕದಲ್ಲಿ ಜೋರಾಗಿ ಓಡುತ್ತಿದ್ದ ಟಿವಿ, ಹಿಂದೆ ಸರದಿಗಾಗಿ ಕಾಯುತ್ತಿದ್ದ ಜನ. ಅಲ್ಲಿದ್ದವರು ಏನನ್ನೂ ಹೇಳದೆ ಒಂದು ಕೈಯಿಂದ ನನ್ನ ರೆಪ್ಪೆಯನ್ನು ಹಿಗ್ಗಿಸಿ ಇನ್ನೊಂದು ಕೈಯಿಂದ ಲೆನ್ಸ್ ತಂದರು. ನನ್ನ ತಲೆ ತಾನಾಗಿಯೇ ಹಿಂದಕ್ಕೆ ಸರಿಯಿತು. ಮೂರನೆಯ ಸಲಕ್ಕೆ ಅವರು, ‘ಚಿಕ್ಕ ಮಕ್ಕಳೇ ಹಾಕಿಸಿಕೊಳ್ಳುತ್ತಾರೆ ಮೇಡಂ, ನೀವು ಇಷ್ಟು ಹೆದರಿದರೆ ಹೇಗೆ’ ಎಂದರು. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದು, ನನಗೆ ಲೆನ್ಸ್ ಆಗಿಬರುವುದಿಲ್ಲ ಎಂಬ ತೀರ್ಮಾನವಾಯಿತು. ಅದನ್ನು ನಾನೂ ಎರಡು ವರ್ಷ ನಂಬಿದ್ದೆ.

ಆ ದಿನ ನನಗೆ ಆದದ್ದು ಹೆದರಿಕೆಯಲ್ಲ ಎಂದು ಈಗ ವಿವರಿಸಬಲ್ಲೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ನರಗಳ ತುದಿಗಳು ಚರ್ಮದಲ್ಲಿರುವುದಕ್ಕಿಂತ ನೂರಾರು ಪಟ್ಟು ದಟ್ಟವಾಗಿರುತ್ತವೆ. ಅಲ್ಲಿ ಏನಾದರೂ ತಾಗುವಂತಾದರೆ ರೆಪ್ಪೆ ಮುಚ್ಚಿಕೊಳ್ಳುವುದು ಎಲ್ಲರಿಗೂ ಸಹಜ. ಆಟಿಸಂ ಉಳ್ಳ ಅನೇಕರಲ್ಲಿ ಸ್ಪರ್ಶ, ಬೆಳಕು, ಸದ್ದುಗಳ ಅನುಭವ ಇನ್ನೂ ತೀಕ್ಷ್ಣವಾಗಿರುತ್ತದೆ, ಅದಕ್ಕೆ ಒಗ್ಗಿಕೊಳ್ಳಲು ಹೆಚ್ಚು ಸಮಯವೂ ಬೇಕಾಗುತ್ತದೆ. ಅದರಲ್ಲಿಯೂ ಮುನ್ಸೂಚನೆಯಿಲ್ಲದ ಪರರ ಸ್ಪರ್ಶಕ್ಕೂ ನಮ್ಮದೇ ಕೈಯ ಸ್ಪರ್ಶಕ್ಕೂ ಬಹಳ ಅಂತರವಿದೆ. ನಮ್ಮ ಕೈ ಎಲ್ಲಿ ತಾಗಲಿದೆ ಎಂಬುದು ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಇದರಿಂದಲೇ.

ಎರಡನೆಯ ಸಲ ನನಗೆ ಸಿಕ್ಕ ಆಪ್ಟೊಮೆಟ್ರಿಸ್ಟ್ (ದೃಷ್ಟಿ ಪರೀಕ್ಷಿಸಿ ಕನ್ನಡಕ, ಲೆನ್ಸ್ ಹೊಂದಿಸಿಕೊಡುವ ತಜ್ಞರು) ಈ ಅಂತರವನ್ನು ಬಲ್ಲವರಾಗಿದ್ದರು. ‘ಇವತ್ತು ಕಣ್ಣನ್ನು ಮುಟ್ಟುವುದೇ ಇಲ್ಲ’ ಎಂದು ಮೊದಲ ದಿನವೇ ಹೇಳಿ, ಲೆನ್ಸನ್ನು ನನ್ನ ಬೆರಳ ತುದಿಯಲ್ಲಿಟ್ಟು, ಸರಿಯಾಗಿದ್ದರೆ ಬಟ್ಟಲಿನಂತೆ ನಿಲ್ಲುತ್ತದೆ, ಒಳಹೊರಗಾಗಿದ್ದರೆ ಅಂಚು ತಟ್ಟೆಯಂತೆ ಹೊರಬಾಗುತ್ತದೆ ಎಂದು ತೋರಿಸಿದರು. ಮುಂದಿನ ಭೇಟಿಯಲ್ಲಿ ಪರೀಕ್ಷಾ ಯಂತ್ರದ ಬೆಳಕನ್ನು ಒಂದು, ಎರಡು, ಮೂರು ಎಂದು ಎಣಿಸಿದ ಮೇಲೆಯೇ ಕಣ್ಣಿಗೆ ಬಿಟ್ಟರು. ಕನ್ನಡಕದ ಗಾಜು ಕಣ್ಣಿನಿಂದ ದೂರದಲ್ಲಿರುವುದರಿಂದ ಕನ್ನಡಕಕ್ಕೆ ಮೈನಸ್ 6 ಇದ್ದರೂ ಲೆನ್ಸಿಗೆ ಮೈನಸ್ 5.5ರ ಆಸುಪಾಸು ಸಾಕಾಗುತ್ತದೆ ಎಂಬುದನ್ನೂ ಅವರಿಂದಲೇ ತಿಳಿದುಕೊಂಡೆ. ಎರಡು ವಾರ ಮನೆಯಲ್ಲಿ ಉಗುರು ಕತ್ತರಿಸಿ, ಕೈತೊಳೆದು ಒರೆಸಿಕೊಂಡು, ದೃಷ್ಟಿಯನ್ನು ಮೇಲಕ್ಕೆ ನಿಲ್ಲಿಸಿ, ಕಣ್ಣಿನ ಕೆಳಗಿನ ಬಿಳಿಭಾಗವನ್ನು ದಿನಕ್ಕೊಮ್ಮೆ ಬೆರಳಿನಿಂದ ಮೆಲ್ಲಗೆ ಮುಟ್ಟುವ ಅಭ್ಯಾಸ ಮಾಡಿದೆ. ಬಿಳಿಭಾಗ ಕಾರ್ನಿಯಾದಷ್ಟು ಸೂಕ್ಷ್ಮವಲ್ಲ. ನಾಲ್ಕನೆಯ ಭೇಟಿಯಲ್ಲಿ ನಾನೇ ಲೆನ್ಸನ್ನು ಅಲ್ಲಿ ಕೂರಿಸಿ ದೃಷ್ಟಿ ಇಳಿಸಿದಾಗ ಅದು ತಾನಾಗಿ ಜಾಗಕ್ಕೆ ಸರಿಯಿತು.

ಹಾಕಿಕೊಳ್ಳುವುದಕ್ಕಿಂತ ತೆಗೆಯುವುದು ನನಗೆ ಕಷ್ಟವಾಯಿತು. ಅವರ ಸಮ್ಮುಖದಲ್ಲಿ ಮೂರು ಸಲ ನಾನೇ ತೆಗೆದು ತೋರಿಸುವವರೆಗೆ ಅವರು ಲೆನ್ಸನ್ನು ಮನೆಗೆ ಕೊಡಲಿಲ್ಲ. ಆ ನಿಯಮ ಎಲ್ಲ ಕಡೆಯೂ ಇರಬೇಕೆಂಬುದು ನನ್ನ ಅಭಿಪ್ರಾಯ. ಮೊದಲ ದಿನ ಹತ್ತು ನಿಮಿಷ, ಮರುದಿನ ಇಪ್ಪತ್ತು ಎಂದು ಏರಿಸುತ್ತಾ ಆರನೆಯ ವಾರಕ್ಕೆ ನಾಲ್ಕು ಗಂಟೆ ತಲುಪಿದೆ. ಸುಮಾರು 14 ಮಿಲಿಮೀಟರ್ ಅಗಲದ ಮೆತ್ತನೆಯ ಲೆನ್ಸ್ ಕಾರ್ನಿಯಾವನ್ನು ಪೂರ್ತಿ ಮುಚ್ಚಿ ಅದರ ಅಂಚು ಬಿಳಿಭಾಗದ ಮೇಲೆ ಕೂರುವುದರಿಂದ ಹೆಚ್ಚು ಅಲುಗುವುದಿಲ್ಲ. ಅಲುಗಾಡುವ ಸ್ಪರ್ಶಕ್ಕಿಂತ ನೆಲೆನಿಂತ ಸ್ಪರ್ಶ ನನಗೆ ಸಹ್ಯ. ಇದಕ್ಕಿಂತ ಚಿಕ್ಕದಾದ ಗಟ್ಟಿ ಲೆನ್ಸ್ ಪ್ರತಿ ಬಾರಿ ರೆಪ್ಪೆ ಹೊಡೆದಾಗಲೂ ಸರಿಯುವುದರಿಂದ ಅದನ್ನು ಸಹಿಸಲು ಸಾಧ್ಯವಾಗಲಿಲ್ಲ. ದಿನಕ್ಕೊಂದು ಬಳಸಿ ಎಸೆಯುವ ಲೆನ್ಸ್ ದುಬಾರಿಯಾದರೂ, ತೊಳೆಯುವ ದ್ರಾವಣದ ವಾಸನೆ ಮತ್ತು ಉರಿಯ ತೊಂದರೆ ತಪ್ಪಿತೆಂದು ಅದನ್ನೇ ಆರಿಸಿಕೊಂಡೆ. ಈಗ ವಾರದಲ್ಲಿ ಮೂರು ದಿನ ಲೆನ್ಸ್, ಉಳಿದ ದಿನ ಕನ್ನಡಕ. ದಸರೆಯ ಗದ್ದಲದಲ್ಲಿ ಮನಸ್ಸು ದಣಿದಿರುವ ದಿನ ಲೆನ್ಸಿನ ತಂಟೆಗೆ ಹೋಗುವುದಿಲ್ಲ.

ತಂದೆತಾಯಿಯರಿಗೆ ಒಂದು ಮಾತು ಹೇಳಲೇಬೇಕು. ಕನ್ನಡಕ ಕಿತ್ತೆಸೆಯುವ ಮಗುವಿಗೆ ಲೆನ್ಸ್ ಹಾಕಿಸಿದರಾಯಿತು ಎಂದು ಆತುರಪಡಬೇಡಿ. ಮೊದಲು ಹಗುರವಾದ, ಅಳತೆಗೆ ಕೂರುವ ಫ್ರೇಮನ್ನು ಹುಡುಕಿ. ಆಟಿಸಂ ಉಳ್ಳ ಕೆಲವರಿಗೆ ನೋವು ತಡವಾಗಿ ಅರಿವಿಗೆ ಬರುತ್ತದೆ, ಬಂದರೂ ಅದನ್ನು ಮಾತಿನಲ್ಲಿ ಹೇಳಲಾಗುವುದಿಲ್ಲ. ಕಣ್ಣು ಕೆಂಪಾದರೆ, ಬೆಳಕನ್ನು ನೋಡಲಾಗದಿದ್ದರೆ, ನೋಟ ಮಂಜಾದರೆ ಲೆನ್ಸ್ ತೆಗೆದು ಅಂದೇ ವೈದ್ಯರನ್ನು ಕಾಣಬೇಕು. ಇಂಥ ತೊಂದರೆಯನ್ನು ಮಗು ಹೇಳಲಾರದಾದರೆ, ಅದರ ಕಣ್ಣನ್ನು ದಿನವೂ ನೋಡುವ ಒಬ್ಬರು ಮನೆಯಲ್ಲಿರಬೇಕು. ಲೆನ್ಸ್ ಹಾಕಿಕೊಂಡು ಮಲಗಬಾರದು. ಕಾವೇರಿ ನೀರೇ ಆಗಿರಲಿ, ಲೆನ್ಸಿಗೆ ನಲ್ಲಿ ನೀರು ತಾಗಬಾರದು. ಅದರಲ್ಲಿರಬಹುದಾದ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ದೃಷ್ಟಿಯನ್ನೇ ಕೆಡಿಸಬಲ್ಲದು. ಅಭ್ಯಾಸ ಸುಲಭವಾಗಲೆಂದು ಮರಗಟ್ಟಿಸುವ ಹನಿಗಳನ್ನು ಮನೆಯಲ್ಲಿ ಬಳಸುವುದೂ ಕಾರ್ನಿಯಾಕ್ಕೆ ಹಾನಿಕರ.

ಹಾಗೆಂದು ಎಲ್ಲರೂ ಲೆನ್ಸ್ ಬೇಡವೆನ್ನಲಾಗದು. ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸಕ್ಕೂ, ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂಚಾಚುವ ಕೆರಟೋಕೋನಸ್ ಎಂಬ ತೊಂದರೆಗೂ ನಂಟಿದೆ. ಆಟಿಸಂ ಉಳ್ಳ ಕೆಲವು ಮಕ್ಕಳಲ್ಲಿ ಹೀಗೆ ಉಜ್ಜುವ ಅಭ್ಯಾಸವಿರುತ್ತದೆ. ಅದು ಮುಂದುವರಿದರೆ ಕನ್ನಡಕದಿಂದ ದೃಷ್ಟಿ ಸರಿಹೋಗದೆ ವಿಶೇಷ ಲೆನ್ಸ್ ಅನಿವಾರ್ಯವಾಗಬಹುದು. ಅಂಥವರನ್ನು ಹದಿನೈದು ನಿಮಿಷದಲ್ಲಿ ‘ಸಹಕರಿಸುತ್ತಿಲ್ಲ’ ಎಂದು ಬರೆದು ಕಳಿಸಿದರೆ ಅವರ ದೃಷ್ಟಿಯ ಗತಿಯೇನು?

ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರು ನಮ್ಮದು. ಇಲ್ಲಿಗೆ ಆಟಿಸಂ ಉಳ್ಳ ಮಕ್ಕಳನ್ನು ಕರೆದುಕೊಂಡು ದೂರದೂರುಗಳಿಂದ ಕುಟುಂಬಗಳು ಬರುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದಾಗಿದ್ದು, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆಯ ಮಾತನ್ನೂ ಆ ಕಾಯ್ದೆ ಆಡುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ. ವಾರದಲ್ಲಿ ಒಂದು ಬೆಳಿಗ್ಗೆ ಟಿವಿ ಆರಿಸಿ, ದೀಪ ತಗ್ಗಿಸಿ, ಲೆನ್ಸ್ ಅಭ್ಯಾಸವನ್ನು ನಾಲ್ಕೈದು ಚಿಕ್ಕ ಭೇಟಿಗಳಾಗಿ ಹಂಚಿ, ಮುಟ್ಟುವ ಮುನ್ನ ಪ್ರತಿ ಸಲವೂ ಹೇಳಿದರೆ ಸಾಕು. ಯಾವುದಾದರೂ ಚಿಕಿತ್ಸಾಲಯ ಇಂಥ ಏರ್ಪಾಡು ಮಾಡಿದರೆ ಅದನ್ನು ಬಾಗಿಲ ಫಲಕದಲ್ಲಿ ಕನ್ನಡದಲ್ಲಿ ಬರೆದು ಹಾಕಲಿ. ಒಳಗೆ ಹೋಗಿ ಕೇಳುವುದೇ ನಮ್ಮಲ್ಲಿ ಎಷ್ಟೋ ಜನರಿಗೆ ಆಗದ ಕೆಲಸ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಿ, ಸರಸ್ವತಿಪುರಂ, ಮೈಸೂರು
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)